ಮೂರು ಸಹಿಯ ಹಾಳೆ

ನಮ್ಮ ಕಾರ್ಖಾನೆಯಲ್ಲಿ ಒಂದು ನಟ್ಟು ಬಿಗಿಯಬೇಕಾದರೂ ಮೂರು ಸಹಿ ಇರುವ ಹಾಳೆ ಬೇಕು. ಬರೆದವರದೊಂದು, ಪರೀಕ್ಷಿಸಿದವರದೊಂದು, ಒಪ್ಪಿದವರದೊಂದು. ಎಷ್ಟು ಬಿಗಿಯಬೇಕು, ಸ್ಪ್ಯಾನರ್ ಯಾವ ಕೈಯಲ್ಲಿ ಹಿಡಿಯಬೇಕು, ಬಿಗಿದ ಮೇಲೆ ಹಳದಿ ಗುರುತು ಎಲ್ಲಿ ಹಾಕಬೇಕು, ಎಲ್ಲ ಬರೆದಿರುತ್ತದೆ. ಕೈ ತೊಳೆಯುವ ಬೇಸಿನ್ ಮೇಲೂ ಕೈ ತೊಳೆಯುವುದು ಹೇಗೆ ಎಂಬ ಹಾಳೆ ಅಂಟಿಸಿದ್ದಾರೆ. ಇಪ್ಪತ್ತೆರಡು ವರ್ಷ ಆ ಹಾಳೆಗಳನ್ನು ಜಪಾನೀಸ್‌ನಿಂದ ಕನ್ನಡಕ್ಕೆ ತಂದವಳು ನಾನು. ಅಂಥ ನಾನೇ ಒಬ್ಬ ಮನುಷ್ಯನ ಬದುಕಿನ ವಿಷಯ ಬಂದಾಗ ಬರೀ ಬಾಯಿಮಾತು ನಂಬಿ ಕೂತೆ. ನೆನೆದಾಗಲೆಲ್ಲ ಮೊದಲು ನನ್ನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಉಳಿದವರ ಮೇಲೆ.

ಮಾಕಳಿ ದಾಟಿದ ಮೇಲೆ ತುಮಕೂರು ರಸ್ತೆಯ ಬಲಕ್ಕಿದೆ ನಮ್ಮ ಕಾರ್ಖಾನೆ. ಗೇರ್‌ಬಾಕ್ಸ್ ಮಾಡುತ್ತೇವೆ. ಯಜಮಾನಿಕೆ ಅರ್ಧ ಜಪಾನಿನವರದು, ಅರ್ಧ ನಮ್ಮವರದು. ನಾನು ಅಲ್ಲಿ ದುಭಾಷಿ. ಮೀಟಿಂಗಿನಲ್ಲಿ ಇಬ್ಬರ ನಡುವೆ ಕೂತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ದಾಟಿಸುವುದು ನನ್ನ ಕೆಲಸ. ಬೈದರೆ ಬೈಗುಳವನ್ನೂ ದಾಟಿಸಬೇಕು. ಅದರಲ್ಲಿ ನನಗೆ ಹೆಮ್ಮೆಯಿತ್ತು. ಒಂದೇ ಒಂದು ಸಲವೂ ಮಾತು ತಿರುಚಿದವಳಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಗೇರ್‌ಬಾಕ್ಸ್ ಲೈನಿನ ಕೊನೆಯಲ್ಲಿ ಒಬ್ಬರು ನಿಲ್ಲುತ್ತಿದ್ದರು. ಶೆಟ್ಟಿಹಳ್ಳಿಯವರು, ಅದು ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿಯವರೇ. ಲೈನಿನ ಹುಡುಗರಿಗೆಲ್ಲ ಅವರು ಅಣ್ಣ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಹತ್ತು ಸೆಕೆಂಡು. ಆಮೇಲೆ, "ಓಗ್ಲಿ ಬುಡು," ಅಂದರೆ ಪಾಸು. ಏನೂ ಅನ್ನದೆ ಹಣೆ ಗಂಟಿಕ್ಕಿದರೆ ಬಿಚ್ಚಬೇಕು. ಸದ್ದು ಅಳೆಯುವ ಯಂತ್ರ ತಪ್ಪು ಹೇಳಿದ್ದುಂಟು, ಅವರು ತಪ್ಪು ಹೇಳಿದ್ದನ್ನು ನಾನು ಕಾಣೆ.

ಅವರ ಹೆಂಡತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಯಶವಂತಪುರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದೆಲ್ಲ ನಡೆಯುತ್ತಿದ್ದುದು ಕಂಪನಿ ಕೊಟ್ಟ ವೈದ್ಯಕೀಯ ವಿಮೆಯ ಒಂದು ಹಸಿರು ಕಾರ್ಡಿನ ಮೇಲೆ. ಕಾರ್ಡು ಇರುವುದು ಅವರು ನೌಕರಿಯಲ್ಲಿ ಇರುವವರೆಗೆ ಮಾತ್ರ. ಐವತ್ತೆಂಟು ತುಂಬಿದ ತಿಂಗಳ ಕೊನೆಯ ದಿನ ಸಂಜೆ ಗೇಟು ದಾಟಿದರೆ ಕಾರ್ಡೂ ಸತ್ತ ಹಾಗೆ. ಅವರಿಗೆ ಐವತ್ತೆಂಟು ತುಂಬಲು ಆಗ ಒಂದು ವರ್ಷವೂ ಉಳಿದಿರಲಿಲ್ಲ.

ಆ ಕಾಲದಲ್ಲಿ ನನ್ನ ಜೊತೆ ಕಂಪನಿ ಕಾರಿನಲ್ಲಿ ಒಬ್ಬ ಜಪಾನಿ ಮುದುಕರು ಬರುತ್ತಿದ್ದರು. ಅರವತ್ತೇಳು ವಯಸ್ಸು. ಅಲ್ಲಿ ನಿವೃತ್ತಿಯಾದ ಮೇಲೆ ಸಲಹೆಗಾರ ಎಂಬ ಹೆಸರು ಕೊಟ್ಟು ಇಲ್ಲಿಗೆ ಕಳಿಸಿದ್ದರು. ಹೆಬ್ಬಾಳದ ಅಪಾರ್ಟ್‌ಮೆಂಟಿನಿಂದ ಅವರನ್ನು ಹತ್ತಿಸಿಕೊಂಡು, ಅಟ್ಟೂರಿನಲ್ಲಿ ನನ್ನನ್ನು ಹತ್ತಿಸಿಕೊಂಡು, ಗಂಗಮ್ಮನ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ತೆವಳಿ, ಶೆಟ್ಟಿಹಳ್ಳಿ ಮೇಲೆ ಹಾದು ಕಾರು ಮಾಕಳಿ ತಲುಪುವ ಹೊತ್ತಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆ ಒಂದೂವರೆ ಗಂಟೆಯಲ್ಲಿ ಅವರು ಕಡ್ಲೆಪುರಿ ತಿನ್ನುತ್ತ ತಮ್ಮ ಮನೆತನದ ನಿವೃತ್ತಿಗಳ ಕಥೆ ಹೇಳುತ್ತಿದ್ದರು. ಬೇರೆಯವರು ಮದುವೆಗಳ ಕಥೆ ಹೇಳುತ್ತಾರಲ್ಲ, ಹಾಗೆ.

ಅವರ ಅಪ್ಪ ಯುದ್ಧ ಮುಗಿದ ಮೇಲೆ ಒಂದು ದೊಡ್ಡ ಕಾರ್ಖಾನೆ ಸೇರಿದವರು. ಕಂಪನಿಯದೇ ಮನೆ, ಕಂಪನಿಯದೇ ಆಸ್ಪತ್ರೆ, ಕಂಪನಿಯದೇ ಸ್ನಾನದ ಮನೆ. ಒಂದು ಸಲ ಒಳಗೆ ಸೇರಿದರೆ ನಿವೃತ್ತಿಯವರೆಗೆ ಯಾರೂ ಹೊರಗೆ ಹಾಕುವುದಿಲ್ಲ. ಕೇಳಿ ನಾನು, ಎಂಥ ಒಳ್ಳೆಯ ಜನ, ಅಂದೆ. ಮುದುಕರು ನಕ್ಕರು. "ಒಳ್ಳೆಯತನವಲ್ಲ. ಅಪ್ಪನ ಕಾಲದವರು ಗೇಟಿನ ಮುಂದೆ ಎಷ್ಟೋ ದಿನ ಕೂತಿದ್ದರು. ಕೆಲಸ ನಿಲ್ಲಿಸಿದ್ದರು. ಆಮೇಲೆ ಬಂದದ್ದು ಇದೆಲ್ಲ," ಅಂದರು.

ಅಪ್ಪನ ನಿವೃತ್ತಿ ಐವತ್ತೈದಕ್ಕೆ. ಸರ್ಕಾರದ ಪಿಂಚಣಿ ಶುರುವಾಗುವುದು ಅರವತ್ತಕ್ಕೆ. ನಡುವಿನ ಐದು ವರ್ಷ ಮನುಷ್ಯ ಏನು ಮಾಡಬೇಕು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಮೂವತ್ತು ವರ್ಷ ಲೇತ್ ನಡೆಸಿದ ಆ ಮನುಷ್ಯ ರೈಲ್ವೆ ಸ್ಟೇಷನ್ನಿನ ಮುಂದೆ ಸೈಕಲ್ ಸ್ಟ್ಯಾಂಡ್ ಕಾದರಂತೆ. ಶಾಲೆಗೆ ಹೋಗುವಾಗ ಮಗ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದನಂತೆ. "ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ," ಅಂದರು ಮುದುಕರು.

ಅಮ್ಮನ ಕಥೆ ಕೇಳಿದರೆ ನನಗೆ ಇನ್ನೂ ಮೈ ಉರಿಯುತ್ತದೆ. ಅವರೂ ಅದೇ ಕಾರ್ಖಾನೆಯಲ್ಲಿ ತಂತಿ ಸುತ್ತುವ ವಿಭಾಗದಲ್ಲಿದ್ದರು. ಮದುವೆಯಾದ ವಾರವೇ ಬಿಡಿಸಿ ಕಳಿಸಿದರು. ಹೆಂಗಸರಿಗೆ ಮದುವೆಯೇ ನಿವೃತ್ತಿಯ ವಯಸ್ಸು. ಇಪ್ಪತ್ಮೂರನೇ ವಯಸ್ಸಿನಲ್ಲಿ ಹೂಗುಚ್ಛ ಕೊಟ್ಟು, ಎಲ್ಲರೂ ಸಾಲಾಗಿ ನಿಂತು ಬಗ್ಗಿ ನಮಸ್ಕರಿಸಿ ಆಚೆ ಕಳಿಸಿದರಂತೆ. ಎಷ್ಟೋ ಹೆಂಗಸರು ಕೋರ್ಟಿಗೆ ಹೋಗಿ ಗೆದ್ದ ಮೇಲೆ ಅದು ನಿಂತಿತು. ಅಷ್ಟರಲ್ಲಿ ಇವರಮ್ಮ ಅಜ್ಜಿಯಾಗಿದ್ದರು.

ನಿವೃತ್ತಿಯ ವಯಸ್ಸು ನಿಧಾನವಾಗಿ ಅರವತ್ತಾಯಿತು. ಅಷ್ಟರಲ್ಲಿ ಪಿಂಚಣಿಯ ವಯಸ್ಸು ಅರವತ್ತೈದರ ಕಡೆ ಓಡಿತು. ಮತ್ತೆ ಅದೇ ಐದು ವರ್ಷದ ಕಂದಕ. ಈ ಸಲ ಕಾನೂನು ಬಂತು: ಕೆಲಸ ಮಾಡುತ್ತೇನೆ ಅನ್ನುವವರನ್ನು ಅರವತ್ತೈದರವರೆಗೆ ಇಟ್ಟುಕೊಳ್ಳಲೇಬೇಕು. ಮುದುಕರು ಒಂದು ಶುಕ್ರವಾರ ನಿವೃತ್ತರಾಗಿ ಸೋಮವಾರ ಅದೇ ಕುರ್ಚಿಗೆ ಬಂದು ಕೂತರು. ಕೊರಳಿನ ಗುರುತಿನ ಚೀಟಿಯ ಬಣ್ಣ ಮಾತ್ರ ಬದಲು, ಸಂಬಳ ಅರ್ಧ, ನಿನ್ನೆಯವರೆಗೆ ಇವರ ಕೈಕೆಳಗೆ ಇದ್ದವನು ಇವತ್ತು ಮೇಲಧಿಕಾರಿ. "ಅವಮಾನ ಆಗಲಿಲ್ಲವಾ?" ಎಂದು ಕೇಳಿದೆ. "ಆಯಿತು. ಆದರೆ ಅಪ್ಪನ ಹಾಗೆ ಸೈಕಲ್ ಕಾಯಲಿಲ್ಲ," ಅಂದರು. ಅವರ ಮಗಳಿಗೆ ಅದೂ ಇಲ್ಲ. ಏಜೆನ್ಸಿ ಮೂಲಕ ಇಲ್ಲಿ ಎರಡು ವರ್ಷ, ಅಲ್ಲಿ ಮೂರು ವರ್ಷ ಎಂದು ಅಲೆಯುತ್ತಾಳಂತೆ. ಅವಳಿಗೆ ಹೂಗುಚ್ಛ ಕೊಡುವವರೂ ಇಲ್ಲ ಅಂದರು.

ಇದನ್ನೆಲ್ಲ ನಾನು ಅಣ್ಣನಿಗೆ ಕ್ಯಾಂಟೀನಿನಲ್ಲಿ ಹೇಳುತ್ತಿದ್ದೆ. ಅವರ ಕಿವಿಗೆ ಬಿದ್ದದ್ದು ಒಂದೇ ವಾಕ್ಯ. "ಅಂದ್ರೆ ರಿಟೈರ್ ಆದ್ಮೇಲೂ ಇಟ್ಕೊಂತಾರಾ ಮೇಡಂ? ಕಾರ್ಡೂ ಇರ್ತದಾ?"

ಆಗಲೇ ನಮ್ಮ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಹೊಸ ಯೋಜನೆ ತಂದ. ಜಪಾನಿನವನಲ್ಲ, ನಮ್ಮವನೇ, ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದವನು. ಹಳಬರ ಕೈಚಳಕವೆಲ್ಲ ಹಾಳೆಗೆ ಇಳಿಯಬೇಕು ಎಂಬುದು ಯೋಜನೆ. ನನ್ನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಿದ. "ಮೇಡಂ, ನಿಮ್ಮ ಮಾತು ಕೇಳ್ತಾರೆ ಅವ್ರು. ಕೂತ್ಕೊಂಡು ಎಲ್ಲಾ ಡಾಕ್ಯುಮೆಂಟ್ ಮಾಡಿಸಿ. ರಿಟೈರ್ ಆದ್ಮೇಲೆ ಟ್ರೈನರ್ ಆಗಿ ಇಟ್ಕೋತೀವಿ, ಪಕ್ಕಾ ಜಪಾನ್ ಸ್ಟೈಲ್. ಮೆಡಿಕಲ್ ಕೂಡ ಕಂಟಿನ್ಯೂ," ಅಂದ. ನಾನು ಖುಷಿಯಾಗಿ ಎದ್ದು ಬಂದೆ. ಕಾರಿನಲ್ಲಿ ಮುದುಕರಿಗೆ ಹೇಳಿದಾಗ ಅವರು ಕಡ್ಲೆಪುರಿ ಅಗಿಯುವುದನ್ನು ನಿಲ್ಲಿಸಿ, "ಕಾಗದ ಇದೆಯಾ?" ಎಂದು ಕೇಳಿದರು. ಇಲ್ಲಿ ಮಾತು ಸಾಕು, ನಮ್ಮವರು ಹಾಗಲ್ಲ ಅಂದೆ. ಹೌದು, ಹಾಗೇ ಅಂದೆ. ಅವರು ಕಡ್ಲೆಪುರಿಯ ಪೊಟ್ಟಣ ಮಡಚಿಟ್ಟರು. ಎರಡು ತಿಂಗಳಿಗೆ ಅವರ ಅವಧಿ ಮುಗಿದು ಊರಿಗೆ ಹೋದರು.

ನಾಲ್ಕು ತಿಂಗಳು ನಾನು, ಅಣ್ಣ ಲೈನಿನ ಪಕ್ಕದ ಗಾಜಿನ ರೂಮಿನಲ್ಲಿ ಕೂತೆವು. ನಮ್ಮ ಹಾಳೆಯಲ್ಲಿ ಬಲಗಡೆಗೆ ಒಂದು ಕಾಲಂ ಇರುತ್ತದೆ, ಕೆಲಸದ ಗುಟ್ಟು ಬರೆಯುವುದಕ್ಕೆ. ಏನು ಮಾಡಬೇಕು ಎಂಬುದು ಎಡಕ್ಕೆ, ಯಾಕೆ ಕೈ ತಪ್ಪುತ್ತದೆ ಎಂಬುದು ಬಲಕ್ಕೆ. ಎಡಗಡೆಯದು ಒಂದು ವಾರದಲ್ಲಿ ಮುಗಿಯಿತು. ಬಲಗಡೆಯದು ಮುಗಿಯುವುದೇ ಇಲ್ಲ ಅನ್ನಿಸಿತು. ಸವೆದ ಹಲ್ಲಿನ ಸದ್ದು ಬೇರೆ, ಓರೆ ಕೂತ ಬೇರಿಂಗಿನ ಸದ್ದು ಬೇರೆ. ಒಂದು ಹೊಟ್ಟು ಕುಟ್ಟಿದ ಹಾಗೆ, ಇನ್ನೊಂದು ಮೂಗು ಕಟ್ಟಿದವರು ಮಾತಾಡಿದ ಹಾಗೆ. ಬೆಳಿಗ್ಗೆ ತಣ್ಣಗಿದ್ದಾಗ ಕೇಳಬೇಕಾದ್ದೇನು, ಬಿಸಿಯಾದ ಮೇಲೆ ಕೇಳಬೇಕಾದ್ದೇನು. ಎಲ್ಲ ಹೇಳಿದರು. ಒಂದು ದಿನ ನಡುವೆ ತಟಕ್ಕನೆ ನಿಲ್ಲಿಸಿದರು.

"ಇದ್ನೆಲ್ಲ ಬರ್ಕೊಂಡ್ಮೇಲೆ ನನ್ನ ಏನ್ ಮಾಡ್ತಾರೆ ಮೇಡಂ?"

"ಇದನ್ನ ಕಲಿಸೋಕೆ ನೀವೇ ಬೇಕಲ್ಲಾ ಅಣ್ಣ. ಹಾಳೆ ಮಾತಾಡುತ್ತಾ?" ಅಂದೆ.

"ನೀವು ಏಳಿದ್ರೆ ಸರಿ," ಎಂದು ಮುಂದುವರಿಸಿದರು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಮೂವತ್ತೊಂದು ಹಾಳೆಯಾಯಿತು. ಪ್ರತಿಯೊಂದಕ್ಕೂ ಮೂರು ಸಹಿ ಬಿತ್ತು. ಮ್ಯಾನೇಜರನ ಮಾತಿಗೆ ಮಾತ್ರ ಒಂದು ಸಹಿಯೂ ಇರಲಿಲ್ಲ, ಅದು ನನಗೆ ಹೊಳೆಯಲೂ ಇಲ್ಲ.

ಅವರ ಕೊನೆಯ ದಿನ ಮಧ್ಯಾಹ್ನ ಹೂಗುಚ್ಛ ಬಂತು. ಲೈನು ಹತ್ತು ನಿಮಿಷ ನಿಲ್ಲಿಸಿದರು. ಎಲ್ಲರೂ ಎರಡು ಸಾಲಾಗಿ ನಿಂತು ಜಪಾನಿನವರಂತೆ ಸೊಂಟದಿಂದ ಬಗ್ಗಿ ನಮಸ್ಕರಿಸಿದರು. ಕಾರ್ಖಾನೆಯ ಮುಖ್ಯಸ್ಥ, ಜಪಾನಿನಿಂದ ಹೊಸದಾಗಿ ಬಂದವನು, ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿದ. ನಾನೇ ಅದನ್ನು ಕನ್ನಡದಲ್ಲಿ ಹೇಳಿದೆ. ಮುದುಕರ ಅಮ್ಮನನ್ನು ಇಪ್ಪತ್ಮೂರನೇ ವಯಸ್ಸಿಗೆ ಕಳಿಸಿದ್ದೂ ಹೀಗೆಯೇ ಅಲ್ಲವೇ ಎಂದು ನೆನಪಾಯಿತು. ಕಾರ್ಯಕ್ರಮ ಮುಗಿದ ಮೇಲೆ ಮ್ಯಾನೇಜರನನ್ನು ಕಾರಿಡಾರಿನಲ್ಲಿ ಹಿಡಿದು, ಸೋಮವಾರದಿಂದ ಇವರು ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.

"ಅದು ಇನ್ನೂ ಪಾಲಿಸಿ ಆಗಿಲ್ಲ ಮೇಡಂ. ಡಿಸ್ಕಷನ್ ಸ್ಟೇಜ್."

"ನೀವೇ ಹೇಳಿದ್ರಲ್ಲ, ಜಪಾನ್ ಸ್ಟೈಲ್ ಅಂತ!"

"ಜಪಾನಲ್ಲಿ ಅದು ಕಾನೂನು. ಇಲ್ಲಿ ಕಾನೂನಿಲ್ಲ. ಏನ್ಮಾಡೋದು ಹೇಳಿ," ಅಂದು ಫೋನು ಕಿವಿಗಿಟ್ಟುಕೊಂಡು ನಡೆದುಬಿಟ್ಟ.

ಎಂಥ ಲಜ್ಜೆಗೆಟ್ಟ ಮಾತು! ಬೆಳಿಗ್ಗೆ ಎಂಟಕ್ಕೆ ಪಿಯಾನೋ ಸಂಗೀತ ಹಾಕಿ ಎಲ್ಲರ ಕೈಲೂ ಜಪಾನಿ ಕಸರತ್ತು ಮಾಡಿಸುವುದಕ್ಕೆ ಇಲ್ಲಿ ಯಾವ ಕಾನೂನಿದೆ? ನೆಲದ ಹಳದಿ ಗೆರೆ ದಾಟಬಾರದು ಎಂಬುದಕ್ಕೆ? ಟೋಪಿ ಹಾಕದವನ ಹೆಸರನ್ನು ಬೋರ್ಡಿನಲ್ಲಿ ಬರೆಯುವುದಕ್ಕೆ? ಅವೆಲ್ಲ ಕಾನೂನಿಲ್ಲದೆಯೇ ವಿಮಾನ ಹತ್ತಿ ಬಂದವು. ಬಗ್ಗುವುದು ಬಂತು, ಹೂಗುಚ್ಛ ಬಂತು, ಕುಟುಂಬ ಎಂಬ ಮಾತೂ ಬಂತು. ಕುಟುಂಬದವರನ್ನು ಸಾಕುವ ಪದ್ಧತಿಯೊಂದಕ್ಕೆ ಮಾತ್ರ ವೀಸಾ ಸಿಗಲಿಲ್ಲ. ಜಪಾನಿನವನಿಗೆ ಅಲ್ಲಿ ಕಾನೂನಿನ ಹೆದರಿಕೆ, ಇಲ್ಲಿ ಅದೂ ಇಲ್ಲ. ನಮ್ಮವನಿಗಂತೂ ನಮ್ಮವರನ್ನೇ ಬೋಳಿಸುವುದರಲ್ಲಿ ಬಡ್ತಿ. ಇಬ್ಬರಲ್ಲಿ ಯಾರನ್ನು ಮೊದಲು ಬೈಯಲಿ?

ಅಣ್ಣ ಗೇಟಿನ ಹತ್ತಿರ ಹೂಗುಚ್ಛ ಹಿಡಿದು ನನಗಾಗಿ ಕಾಯುತ್ತಿದ್ದರು. ನಾನು ಹೇಳಬೇಕಾಯಿತು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಓಗ್ಲಿ ಬುಡಿ ಮೇಡಂ, ನೀವೇನ್ ಮಾಡ್ತೀರ," ಎಂದು ಹೇಳಿ ಹಸಿರು ಕಾರ್ಡನ್ನು ಸೆಕ್ಯೂರಿಟಿಯವನ ಕೈಗೆ ಕೊಟ್ಟು ಬಸ್ ಸ್ಟಾಪಿನ ಕಡೆ ಹೋದರು.

ಮುಂದಿನ ಎರಡು ತಿಂಗಳು ಅವರು ಹೆಂಡತಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಯಂತ್ರ ಕಡಿಮೆ, ಜನ ಹೆಚ್ಚು. ವಾರಕ್ಕೆ ಎರಡು ಸಲ ಆಗಬೇಕಾದ್ದು ಎಷ್ಟೋ ವಾರ ಒಂದೇ ಸಲ ಆಗುತ್ತಿತ್ತು. ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಆ ತಾಯಿಯ ಕಾಲು, ಮುಖ ಊದಿಕೊಂಡಿದ್ದವು. ಉಸಿರು ಕಟ್ಟುತ್ತಿದ್ದುದರಿಂದ ಗೋಡೆಗೆ ಒರಗಿಯೇ ಕೂತಿದ್ದರು. ಆದರೂ ನನಗೆ ಕಾಫಿ ಮಾಡಿಸಿ ಕೊಟ್ಟರು.

ಇತ್ತ ಕಾರ್ಖಾನೆಯಲ್ಲಿ ಅಣ್ಣನ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಿ ಲೈನಿನ ಕೊನೆಯಲ್ಲಿ ತೂಗುಹಾಕಿದ್ದರು. ಅವರ ಜಾಗದಲ್ಲಿ ಈಗ ಇಬ್ಬರು ಹೊಸಬರು. ಹಾಳೆ ನೋಡುತ್ತಾರೆ, ಸ್ಕ್ರೂಡ್ರೈವರ್ ಕಿವಿಗಿಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡನೇ ತಿಂಗಳ ಕೊನೆಗೆ ಗ್ರಾಹಕರಿಂದ ಗೇರ್‌ಬಾಕ್ಸುಗಳು ವಾಪಸ್ ಬರತೊಡಗಿದವು. ಓಡುವಾಗ ಸದ್ದು. ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಜೋಡಿಸಿದರೆ ಮತ್ತೆ ಸದ್ದು. ಲೈನು ನಿಂತಿತು. ಜಪಾನಿನವರ ಪಾಲಿಗೆ ಲೈನು ನಿಲ್ಲುವುದಕ್ಕಿಂತ ದೊಡ್ಡ ಅಶುಭ ಇನ್ನೊಂದಿಲ್ಲ. ನಿಂತ ಮೂರನೇ ದಿನ ಬೆಳಿಗ್ಗೆ ಮುಖ್ಯಸ್ಥ ಮೀಟಿಂಗ್ ಕರೆದ. ಅದಕ್ಕೆ ಮೊದಲು ಮ್ಯಾನೇಜರ್ ನನ್ನ ಹತ್ತಿರ ಓಡಿ ಬಂದು, "ಮೇಡಂ, ಅಣ್ಣಂಗೆ ಒಂದ್ ಫೋನ್ ಹಾಕಿ ಪ್ಲೀಸ್. ಒಂದಿನ ಬಂದು ನೋಡ್ಲಿ. ಕಾರ್ ಕಳಿಸ್ತೀನಿ," ಅಂದ. ಈಗ ಅವನಿಗೂ ಅವರು ಅಣ್ಣ!

ಅವನನ್ನು ಅಲ್ಲೇ ಬಿಟ್ಟು ಲೈನಿನ ಕೊನೆಗೆ ಹೋಗಿ ಫೋನ್ ಮಾಡಿದೆ. ಅವರು ಆಸ್ಪತ್ರೆಯ ಸರದಿಯಲ್ಲಿದ್ದರು. ಬಿಟ್ಟು ಬರುವ ಹಾಗಿರಲಿಲ್ಲ.

"ಫೋನ್ನ ಅದ್ರ ಪಕ್ಕ ಇಡಿ ಮೇಡಂ, ಕೇಳ್ತೀನಿ."

ವಾಪಸ್ ಬಂದ ಗೇರ್‌ಬಾಕ್ಸೊಂದನ್ನು ಓಡಿಸಲು ಹೇಳಿ ಫೋನನ್ನು ಅದರ ಮೈಗೆ ಹಿಡಿದು, ಆಮೇಲೆ ನನ್ನ ಕಿವಿಗೆ ಇಟ್ಟುಕೊಂಡೆ. ಆ ಕಡೆ ಜನರ ಗದ್ದಲ, ಯಾರದೋ ಕೆಮ್ಮು. ಸ್ವಲ್ಪ ಹೊತ್ತಾದ ಮೇಲೆ, "ಬಿಸಿಯಾದ್ರೆ ಸದ್ದು ಕಮ್ಮಿ ಆಗ್ತದಾ?" ಎಂದು ಕೇಳಿದರು. ಹುಡುಗರನ್ನು ವಿಚಾರಿಸಿ ಹೌದು ಅಂದೆ.

"ಅಂಗಾದ್ರೆ ಗೇರಲ್ಲ. ಬೇರಿಂಗ್ ಕೂರ್ಸೋ ಪ್ರೆಸ್ಸಿಂದು ತಲೆ ಒಂದ್ಕಡೆ ಸವ್ದೈತೆ. ಓರೆಯಾಗಿ ಒತ್ತುತಾ ಇದೆ. ತಲೆ ಬದ್ಲಾಯಿಸ್ಲಿ, ಸರಿ ಓಯ್ತದೆ." ಆಮೇಲೆ, "ಹುಡುಗ್ರನ್ನ ಬೈಬ್ಯಾಡಿ ಅಂತ ಏಳಿ ಮೇಡಂ, ಅದು ಸಿಗೋದು ಕಷ್ಟ," ಅಂದರು.

ಅಷ್ಟೇ. ಮೂರು ದಿನ ಹನ್ನೆರಡು ಇಂಜಿನಿಯರುಗಳು ತಲೆ ಕೆರೆದುಕೊಂಡದ್ದನ್ನು ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎರಡು ನಿಮಿಷದಲ್ಲಿ, ಬಿಟ್ಟಿಯಾಗಿ, ಯಾವ ಕೋಪವೂ ಇಲ್ಲದೆ ಕೊಟ್ಟುಬಿಟ್ಟರು. ಅವರಿಗೆ ಬಾರದ ಕೋಪವೆಲ್ಲ ನನಗೆ ಬಂತು. ಫೋನು ಬ್ಯಾಗಿಗೆ ಹಾಕಿಕೊಂಡು ಮೀಟಿಂಗಿಗೆ ಹೋದೆ. ಮುದುಕರ ಅಪ್ಪನ ಕಾಲದವರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತಿದ್ದರು ಎಂಬುದು ಆ ಮೆಟ್ಟಿಲು ಹತ್ತುವಾಗಲೇ ನೆನಪಾಯಿತು.

ಮುಖ್ಯಸ್ಥ ಕೇಳಿದ, "ಏನು ಹೇಳಿದರು?"

ಇಪ್ಪತ್ತೆರಡು ವರ್ಷ ಒಂದಕ್ಷರ ಹೆಚ್ಚುಕಡಿಮೆ ಮಾಡದ ನಾನು ಜಪಾನೀಸ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. "ತೊಂದರೆ ಏನೆಂದು ಅವರಿಗೆ ಗೊತ್ತಿದೆ. ಫೋನಿನಲ್ಲಿ ಹೇಳುವುದಿಲ್ಲವಂತೆ. ತರಬೇತುದಾರರಾಗಿ ಮರುನೇಮಕದ ಆದೇಶ, ಹೆಂಡತಿಯ ಹಸಿರು ಕಾರ್ಡು, ಎರಡೂ ಬರಹದಲ್ಲಿ ಬೇಕಂತೆ. ಮೂರು ಸಹಿ ಇರಬೇಕಂತೆ." ಆಮೇಲೆ ಅದನ್ನೇ ಮ್ಯಾನೇಜರನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. "ಬ್ಲ್ಯಾಕ್‌ಮೇಲ್ ಇದು! ಅವ್ರು ಅಂಥವ್ರಲ್ಲ," ಅಂದ. ಅಂಥವರಲ್ಲ ಎಂಬುದು ಗೊತ್ತಿದ್ದೇ ಅಲ್ಲವೇ ನೀನು ಅವರನ್ನು ಹಿಂಡಿದ್ದು ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಮುಖ್ಯಸ್ಥ ಮ್ಯಾನೇಜರನನ್ನು ನೋಡಿ, ಹಿಂದೆ ಇವರಿಗೆ ಇಂಥ ಮಾತು ಕೊಟ್ಟಿದ್ದೆವೇ ಎಂದು ಕೇಳಿದ. ಅದನ್ನೂ ದಾಟಿಸಿದೆ. ಮ್ಯಾನೇಜರ್ ಮೇಜನ್ನೇ ನೋಡುತ್ತ, "ಓರಲ್ ಆಗಿ ಹೇಳಿದ್ದು ನಿಜ," ಅಂದ. ಅದನ್ನು ನಾನು ಒಂದಕ್ಷರವೂ ಬಿಡದೆ ದಾಟಿಸಿದೆ. ಕಾನೂನಿಲ್ಲ, ಪಾಲಿಸಿಯಿಲ್ಲ, ಚರ್ಚೆಯ ಹಂತ ಎಂದೆಲ್ಲ ಎಂಟು ವಾರ ಎಳೆದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಟೈಪಾಗಿ ಬಂತು. ಒಂದು ವರ್ಷದ ಕರಾರು, ಒಪ್ಪಿಗೆಯಾದರೆ ಮುಂದುವರಿಕೆ, ಜೊತೆಗೆ ಹಸಿರು ಕಾರ್ಡು. ಬರೆದವರು, ಪರೀಕ್ಷಿಸಿದವರು, ಒಪ್ಪಿದವರು. ಮೂರು ಸಹಿ. ಲೈನು ನಿಂತರೆ ಇವರಿಗೆ ಎಷ್ಟು ಬೇಗ ಕೈ ಓಡುತ್ತದೆ! ಒಬ್ಬ ಹೆಂಗಸಿನ ಉಸಿರು ನಿಲ್ಲುವ ಹಾಗಿದ್ದಾಗ ಒಬ್ಬರ ಪೆನ್ನೂ ಜೇಬಿನಿಂದ ಹೊರಗೆ ಬಂದಿರಲಿಲ್ಲ.

ಆ ಸಂಜೆ ಕಾಗದವನ್ನು ನಾನೇ ಶೆಟ್ಟಿಹಳ್ಳಿಗೆ ಒಯ್ದೆ. ಅಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಳಗೆ ಹೋಗಿ ಹೆಂಡತಿಗೆ ತೋರಿಸಿ ಬಂದರು. ಮರುದಿನ ಕಾರ್ಖಾನೆಗೆ ಬಂದು ಪ್ರೆಸ್ಸಿನ ತಲೆ ಬದಲಾಯಿಸಿ, ಹತ್ತು ಸೆಕೆಂಡು ಕಿವಿಗೊಟ್ಟು, ಓಗ್ಲಿ ಬುಡು ಅಂದರು. ಲೈನು ಓಡಿತು. ಆ ವಾರದಿಂದ ಮತ್ತೆ ಯಶವಂತಪುರದಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಆ ತಾಯಿಯ ಮುಖದ ಊತ ಇಳಿಯಿತು. ಆದರೆ ಆ ಎರಡು ತಿಂಗಳು ಹೃದಯಕ್ಕೆ ಮಾಡಿದ ಪೆಟ್ಟು ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಯಾರ ಸಹಿಯೂ ಇಲ್ಲ.

ನನಗೆ ಐವತ್ತೆಂಟು ತುಂಬಲು ಇನ್ನು ಮೂರು ವರ್ಷ. ಈಗ ನಾನು ಯಾರ ಬಾಯಿಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಸಿಬ್ಬಂದಿ ವಿಭಾಗದವರು ಏನಾದರೂ ಹೇಳಲು ಬಂದರೆ ಕಾಗದ ಎಲ್ಲಿ ಎಂದು ಕೇಳುತ್ತೇನೆ. ಹುಡುಗರಿಗೂ ಹಾಗೇ ಕೇಳಲು ಹೇಳಿಕೊಟ್ಟಿದ್ದೇನೆ. ಮ್ಯಾನೇಜರ್ ನನ್ನನ್ನು ಕಂಡರೆ ದಾರಿ ಬದಲಾಯಿಸುತ್ತಾನೆ.

ಕಾರ್ಖಾನೆಗೆ ಮರಳಿದ ಆ ಮೊದಲ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಣ್ಣ ತಟ್ಟೆ ಹಿಡಿದು ಬಂದು ನನ್ನ ಎದುರು ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿದರು.

"ಮೇಡಂ, ಪ್ರೆಸ್ಸಿನ ತಲೆ ಅಂತ ನಾನು ನಿನ್ನೆ ಫೋನಲ್ಲೇ ಏಳಿದ್ನಲ್ಲಾ?"

"ನನಗೆ ಕೇಳಿಸಲಿಲ್ಲ," ಅಂದೆ.

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಗೇರ್‌ಬಾಕ್ಸಿಗೆ ಕಿವಿಗೊಡುವಾಗ ಮಾಡುತ್ತಿದ್ದಂತೆ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರು.

"ಓಗ್ಲಿ ಬುಡಿ," ಅಂದರು.